ಸಲಹಾಪತ್ರದ ನಾಲ್ಕನೇ ಅಂಶ

ಕುಶಾಲನಗರದಲ್ಲಿ ತೆರಿಗೆ ರಿಟರ್ನ್ ಹಾಕಿಕೊಡುವವರು ಏಳೆಂಟು ಮಂದಿ ಇದ್ದಾರೆ. ಆದರೆ ಫಾರಂ ಕೈಗೆ ಸಿಕ್ಕರೆ ಮೊದಲ ಸಾಲಿನಿಂದ ಕೊನೆಯ ಅಡಿಟಿಪ್ಪಣಿಯವರೆಗೆ ಓದಿ, ಓದಿದ್ದಕ್ಕೆ ಖುಷಿಪಡುವವನು ಪುಟ್ಟರಾಜು ಒಬ್ಬನೇ. ಐವತ್ತೆಂಟು ವಯಸ್ಸು, ತೆಳ್ಳನೆಯ ಮೈ, ಎಡಗಿವಿಯ ಮೇಲೆ ಯಾವಾಗಲೂ ಒಂದು ಪೆನ್ಸಿಲ್. ಬಸ್ ನಿಲ್ದಾಣದ ಎದುರಿನ ಕಟ್ಟಡದ ಎರಡನೇ ಮಹಡಿಯಲ್ಲಿ ಅವನ ಕಚೇರಿ. ಎರಡು ಮೇಜು, ಒಂದು ಕಂಪ್ಯೂಟರ್, ಮೂವತ್ತು ವರ್ಷದ ಫೈಲುಗಳು, ಮತ್ತು ಹನ್ನೊಂದು ವರ್ಷದಿಂದ ಅವನ ಜೊತೆ ಕೆಲಸ ಮಾಡುತ್ತಿದ್ದ ಸೌಮ್ಯ. ಶುಂಠಿ ವ್ಯಾಪಾರಿಗಳು, ಹೋಂಸ್ಟೇ ಇಟ್ಟವರು, ಮೇಷ್ಟ್ರುಗಳು, ಎಸ್ಟೇಟುಗಳಲ್ಲಿ ಲೆಕ್ಕ ಬರೆಯುವ ರೈಟರುಗಳು ಅವನ ಗಿರಾಕಿಗಳು. ಹೆಂಡತಿ ತೀರಿಕೊಂಡು ಒಂಬತ್ತು ವರ್ಷವಾಗಿತ್ತು. ಸಂಜೆಯಾದರೆ ಸ್ಕೂಟರ್ ಹತ್ತಿ ಶಿರಂಗಾಲದ ಮನೆಗೆ ಹೋಗುತ್ತಿದ್ದ. ಅಲ್ಲಿ ಎಂಬತ್ತೆರಡರ ತಾಯಿ ಕಾಳಮ್ಮ ಬಿಸಿ ಮುದ್ದೆಯನ್ನೂ ಊರಿನ ಸುದ್ದಿಯನ್ನೂ ಒಟ್ಟಿಗೇ ಬಡಿಸುತ್ತಿದ್ದಳು.

ಬೊಳ್ಳಮ್ಮ ಆ ಕಚೇರಿಗೆ ಬಂದದ್ದು ಎರಡು ಸಾವಿರದ ಇಪ್ಪತ್ತೈದರ ಸೆಪ್ಟೆಂಬರ್ ಕೊನೆಯಲ್ಲಿ. ರಿಟರ್ನ್ ಹಾಕುವ ಕೊನೆ ದಿನಗಳ ಗಲಾಟೆ ಮುಗಿದು ಕಚೇರಿ ಬಣಗುಟ್ಟುತ್ತಿತ್ತು. ಮೆಟ್ಟಿಲು ಹತ್ತಿ ಬಂದಳು ಎಂದರೆ ಸಾಲದು, ಎರಡೆರಡು ಮೆಟ್ಟಿಲು ಹಾರಿಕೊಂಡು ಬಂದಳು. ಅರವತ್ತರ ಹೆಂಗಸು, ಕಾಲಿಗೆ ಓಟದ ಬೂಟು, ಮೋಟಾಗಿ ಕತ್ತರಿಸಿದ ಬಿಳಿಗೂದಲು, ಹಾಕಿ ಆಟದವರು ಹೊರುವ ಉದ್ದನೆಯ ಚೀಲ ಹೆಗಲಲ್ಲಿ. ಆ ಚೀಲವನ್ನು ಪುಟ್ಟರಾಜುವಿನ ಮೇಜಿನ ಮೇಲೆ ಬೋರಲು ಹಾಕಿದಳು. ಒಳಗಿನಿಂದ ಸ್ಟಿಕ್ ಬೀಳಲಿಲ್ಲ, ಕಾಗದ ಬಿತ್ತು. ಬೀಳುತ್ತಲೇ ಇತ್ತು.

ನಿಂತುಕೊಂಡೇ ತನ್ನ ಕಥೆ ಹೇಳಿದಳು. ಭಾಗಮಂಡಲದ ಕಡೆಯ ಅರೆಭಾಷೆ ಗೌಡರ ಮನೆಯವಳು. ಹರೆಯದಲ್ಲಿ ರಾಜ್ಯದ ಹಾಕಿ ತಂಡದ ಗೋಲ್‌ಕೀಪರ್ ಆಗಿದ್ದಳು. ಆಮೇಲೆ ಇಪ್ಪತ್ತಾರು ವರ್ಷ ಅಮೆರಿಕದ ಪೆನ್ಸಿಲ್ವೇನಿಯಾದ ಒಂದು ಕಾಲೇಜಿನಲ್ಲಿ ಹುಡುಗಿಯರಿಗೆ ಹಾಕಿ ಕಲಿಸಿದಳು. ಮದುವೆಗೆ ಪುರುಸೊತ್ತಾಗಲಿಲ್ಲ, ಅಲ್ಲಿನ ಪೌರತ್ವ ಮಾತ್ರ ಆಯಿತು. ಹಿಂದಿನ ವರ್ಷ ಜುಲೈಯಲ್ಲಿ ಎಲ್ಲ ಕಟ್ಟಿಕೊಂಡು ವಾಪಸ್ಸು ಬಂದು ಹಾರಂಗಿ ರಸ್ತೆಯಲ್ಲಿ ಮನೆ ಬಾಡಿಗೆಗೆ ಹಿಡಿದಿದ್ದಳು. ಬೆಳಗ್ಗೆ ಕೂಡಿಗೆಯಲ್ಲಿ ಹುಡುಗಿಯರಿಗೆ ಸಂಬಳವಿಲ್ಲದೆ ಗೋಲು ಕಾಯುವುದನ್ನು ಕಲಿಸುತ್ತಿದ್ದಳು. ಈಗ ಅವಳ ಮುಂದಿದ್ದ ಕೆಲಸ ಒಂದೇ. ಅಲ್ಲಿ ಕೂಡಿಟ್ಟ ನಿವೃತ್ತಿಯ ಹಣವನ್ನು ರಾಥ್ ಎಂಬ ಖಾತೆಗೆ ಬದಲಾಯಿಸಬೇಕು.

ಅಮೆರಿಕದಲ್ಲಿ ಮುಪ್ಪಿಗೆಂದು ಹಣ ಕೂಡಿಡುವ ಖಾತೆ ಎರಡು ಬಗೆಯಂತೆ. ಒಂದರಲ್ಲಿ ಇಡುವಾಗ ತೆರಿಗೆ ಇಲ್ಲ, ತೆಗೆಯುವಾಗ ಇದೆ. ರಾಥ್‌ನಲ್ಲಿ ತೆರಿಗೆಯ ಲೆಕ್ಕ ಮೊದಲೇ ತೀರಿಸಬೇಕು, ಆಮೇಲೆ ಹಣ ಎಷ್ಟು ಬೆಳೆದರೂ ತೆಗೆಯುವಾಗ ಅಮೆರಿಕಕ್ಕೆ ಬಿಡಿಗಾಸೂ ಕೊಡಬೇಕಿಲ್ಲ. ಬೊಳ್ಳಮ್ಮನ ಹಣವೆಲ್ಲ ಮೊದಲನೆಯದರಲ್ಲಿತ್ತು. ಅದನ್ನು ಎರಡನೆಯದಕ್ಕೆ ಬದಲಾಯಿಸಿದ ವರ್ಷ, ಬದಲಾಯಿಸಿದಷ್ಟೂ ಆದಾಯ ಎಂದು ಲೆಕ್ಕಕ್ಕೆ ಬರುತ್ತದೆ. ಅದಕ್ಕೆ ಅಲ್ಲಿಗೊಂದಿಷ್ಟು ಕಾಗದ, ಇಲ್ಲಿಗೊಂದಿಷ್ಟು ಕಾಗದ. ಬೆಂಗಳೂರಿನ ಒಂದು ಕಚೇರಿಯವರು ದೊಡ್ಡ ಫೀಸು ಕೇಳಿ, ಸಣ್ಣ ಮಗುವಿಗೆ ಹೇಳುವ ಹಾಗೆ ಮಾತಾಡಿ ಕಳಿಸಿದ್ದರು.

ಪುಟ್ಟರಾಜು ಕಾಗದಗಳನ್ನು ನೋಡಿದ. ಬಾಯಲ್ಲಿ ನೀರೂರಿತು ಎಂದರೆ ತಪ್ಪಾಗಲಾರದು. ಆದರೂ ಪ್ರಾಮಾಣಿಕವಾಗಿ ಹೇಳಿದ. "ಮೇಡಂ, ಇಂಥ ಫಾರಂ ನಾನು ಜನ್ಮದಲ್ಲಿ ನೋಡಿಲ್ಲ."

"ನೋಡಿಲ್ಲ ಅಂತ ಹೇಳಿದ ಮೊದಲನೇ ಮನುಷ್ಯ ನೀವು," ಎಂದಳು ಬೊಳ್ಳಮ್ಮ, ಕುರ್ಚಿ ಎಳೆದುಕೊಂಡು ಕೂತಳು.

ಅರ್ಥವಾಗುವವರೆಗೂ ಫೀಸು ಬೇಡ, ಅರ್ಥವಾಗದಿದ್ದರೆ ಹಾಗೆಂದೇ ಹೇಳುತ್ತೇನೆ, ಹತ್ತು ದಿನ ಕೊಡಿ ಎಂದು ಪುಟ್ಟರಾಜು ಕೇಳಿಕೊಂಡ. ಆ ಹತ್ತು ದಿನ ಅವನು ಭೂಮಿಯ ಮೇಲೆ ನಡೆಯಲಿಲ್ಲ. ಅಮೆರಿಕದ ತೆರಿಗೆ ಇಲಾಖೆಯ ಜಾಲತಾಣದಿಂದ ಎಂಬತ್ತಾರು ಸೊನ್ನೆ ಆರು ಎಂಬ ನಂಬರಿನ ಫಾರಂನ ಸೂಚನೆಗಳನ್ನು ಅಚ್ಚು ಹಾಕಿಸಿಕೊಂಡ. ಖಾತೆ ಬದಲಾಯಿಸಿದ್ದನ್ನು ತಿಳಿಸಬೇಕಾದ್ದು ಅದರಲ್ಲೇ. ಓದಿದ, ಅಡಿಗೆರೆ ಎಳೆದ, ಮತ್ತೆ ಓದಿದ. ಒಂದು ಸಾಲಿನಿಂದ ಏಳನೇ ಪುಟಕ್ಕೆ ಹೋಗಿ ಅಲ್ಲಿಂದ ಇನ್ನೊಂದು ಪುಸ್ತಕಕ್ಕೆ ಹಾರಿ ವಾಪಸ್ಸು ಬರುವ ಆ ದಾರಿಗಳು ಅವನಿಗೆ ಎಷ್ಟು ಹಿಡಿಸಿದವೆಂದರೆ, ಊಟಕ್ಕೆ ಕೂತಾಗ ತಾಯಿಗೂ ಒಂದಷ್ಟು ಓದಿ ಹೇಳಿದ. ಕಾಳಮ್ಮ ಕೇಳಿಸಿಕೊಂಡು, ಆ ಹೆಂಗಸು ಒಂಟಿಯಾ ಜೊತೆಗ್ಯಾರಾದರೂ ಇದಾರಾ ಎಂದಷ್ಟೇ ವಿಚಾರಿಸಿದಳು.

ಹನ್ನೊಂದನೇ ದಿನ ಬೊಳ್ಳಮ್ಮ ಬಂದಾಗ ಪುಟ್ಟರಾಜುವಿನ ಹತ್ತಿರ ಉತ್ತರ ಇತ್ತು. ಅಮೆರಿಕದಲ್ಲಿ ಪ್ರತಿಯೊಬ್ಬರ ಆದಾಯದಲ್ಲೂ ಇಂತಿಷ್ಟಕ್ಕೆ ತೆರಿಗೆ ಇಲ್ಲ. ಒಂಟಿಯಾಗಿರುವವರಿಗೆ ಆ ವರ್ಷ ಅದು ಹದಿನೈದು ಸಾವಿರದ ಏಳುನೂರ ಐವತ್ತು ಡಾಲರ್. ಬೊಳ್ಳಮ್ಮನಿಗೆ ಬೇರೆ ಆದಾಯವೇ ಇಲ್ಲ, ಬ್ಯಾಂಕಿನ ಬಡ್ಡಿ ಚೂರು ಬಿಟ್ಟರೆ. ಹಾಗಾದರೆ ಅಷ್ಟರೊಳಗೆ ಒಂದೊಂದು ವರ್ಷ ಒಂದೊಂದು ಕಂತು ಬದಲಾಯಿಸಿದರೆ ಅಲ್ಲಿನ ತೆರಿಗೆ ಸೊನ್ನೆ. ಇಲ್ಲಿನದೂ ಸೊನ್ನೆಯಾಗುವ ದಾರಿ ಇತ್ತು. ಬಹುಕಾಲ ಹೊರಗಿದ್ದು ಮರಳಿದವರಿಗೆ ಭಾರತದ ಕಾನೂನು ಎರಡು ವರ್ಷ, ಕೆಲವರಿಗೆ ಮೂರು ವರ್ಷ, ಹೊರದೇಶದ ಆದಾಯಕ್ಕೆ ರಿಯಾಯಿತಿ ಕೊಡುತ್ತದೆ. ಎರಡು ವರ್ಷ ಬೊಳ್ಳಮ್ಮನಿಗೆ ಖಂಡಿತ. ಮೂರನೆಯದೂ ಸಿಗಬೇಕಾದರೆ, ಬರುವ ಮಾರ್ಚಿಗೆ ಮುಗಿಯುವ ಏಳು ವರ್ಷಗಳಲ್ಲಿ ಅವಳು ಭಾರತದೊಳಗೆ ಕಳೆದ ದಿನಗಳು ಏಳುನೂರ ಇಪ್ಪತ್ತೊಂಬತ್ತನ್ನು ಮೀರಿರಬಾರದು. ಒಂದು ದಿನ ಹೆಚ್ಚಾದರೂ ಇಲ್ಲ.

"ಎಣಿಸುವ," ಎಂದಳು ಬೊಳ್ಳಮ್ಮ.

ಎಣಿಸಿದರು. ಹಳೆಯ ಪಾಸ್‌ಪೋರ್ಟ್, ಹೊಸ ಪಾಸ್‌ಪೋರ್ಟ್ ಎರಡನ್ನೂ ಮೇಜಿನ ಮೇಲೆ ತೆರೆದಿಟ್ಟು, ಬೊಳ್ಳಮ್ಮ ಮುದ್ರೆ ಓದುವುದು, ಪುಟ್ಟರಾಜು ಕ್ಯಾಲೆಂಡರ್ ನೋಡಿ ಲೆಕ್ಕ ಹಾಕುವುದು, ಸೌಮ್ಯ ಬರೆದುಕೊಳ್ಳುವುದು. ಒಂದೊಂದು ಮುದ್ರೆಯ ಹಿಂದೆ ಒಂದೊಂದು ಕಥೆ ಇತ್ತು, ಬೊಳ್ಳಮ್ಮ ಯಾವುದನ್ನೂ ಬಿಡಲಿಲ್ಲ. ಇಪ್ಪತ್ನಾಲ್ಕು ದಿನ ತಮ್ಮ ಕೂಸಪ್ಪನ ಮಗಳ ಮದುವೆಗೆ. ಮೂವತ್ತಮೂರು ದಿನ ಅಪ್ಪ ತೀರಿಕೊಂಡಾಗ. ಅಪ್ಪನೇ ಮೊದಲು ಅವಳಿಗೆ ಅಡಿಕೆ ಹಾಳೆ ಕಾಲಿಗೆ ಕಟ್ಟಿ ಗೋಲಿನಲ್ಲಿ ನಿಲ್ಲಿಸಿದವನು, ಆ ಮೂವತ್ತಮೂರು ದಿನವೂ ತಾನು ಅವನ ಕಂಬಳಿ ಹೊದ್ದೇ ಮಲಗಿದ್ದೆ ಎಂದಳು. ಇಪ್ಪತ್ತೊಂದು ದಿನ ಮಂಡಿಯ ಆಪರೇಷನ್ ಆದ ಮೇಲೆ ಸುಧಾರಿಸಿಕೊಳ್ಳಲು. ಮೂವತ್ತು ದಿನ ಏನೂ ಕಾರಣವಿಲ್ಲದೆ, ಬರಬೇಕೆನಿಸಿ. ಪುಟ್ಟರಾಜು ತಲೆ ಬಗ್ಗಿಸಿ ಅಂಕಿ ಬರೆಸುತ್ತಿದ್ದ, ಆದರೆ ಕಂಬಳಿಯ ಮಾತು ಬಂದಾಗ ಲೆಕ್ಕ ತಪ್ಪಿ ಮತ್ತೆ ಮೊದಲಿನಿಂದ ಹಾಕಬೇಕಾಯಿತು.

ವಾಪಸ್ಸು ಬಂದ ದಿನದಿಂದ ಬರುವ ಮಾರ್ಚ್ ಕೊನೆಯವರೆಗಿನ ದಿನಗಳನ್ನೂ ಸೇರಿಸಿ ಸೌಮ್ಯ ಕೂಡಿದಳು. ಏಳುನೂರ ಮೂವತ್ತಮೂರು.

ನಾಲ್ಕೇ ನಾಲ್ಕು ದಿನ ಹೆಚ್ಚು. ಪುಟ್ಟರಾಜು ಕಿವಿಯ ಮೇಲಿನ ಪೆನ್ಸಿಲ್ ತೆಗೆದು ಮತ್ತೆ ಸಿಕ್ಕಿಸಿಕೊಂಡ. ಆಗ ಸೌಮ್ಯ, ಮಾರ್ಚ್‌ ಬರಲು ಇನ್ನೂ ಐದು ತಿಂಗಳಿದೆಯಲ್ಲ, ಮೇಡಂ ಅಷ್ಟರೊಳಗೆ ಒಂದು ವಾರ ನೇಪಾಳಕ್ಕೋ ಭೂತಾನಿಗೋ ಹೋಗಿ ಬಂದರೆ ಲೆಕ್ಕ ಇಳಿಯುತ್ತದಲ್ಲ ಎಂದಳು.

ಬೊಳ್ಳಮ್ಮ ತಟ್ಟನೆ ತಲೆ ಎತ್ತಿದಳು. "ಭೂತಾನ್ ಹೊರದೇಶವಾ?"

ಹೊರದೇಶವೇ ಎಂದ ಪುಟ್ಟರಾಜು.

"ಹೋದ ವರ್ಷ ನವೆಂಬರ್‌ನಲ್ಲಿ ಹೋಗಿದ್ದೆ ಮಾರಾಯ್ರೆ. ಅಲ್ಲಿ ಶಾಲೆ ಮಕ್ಕಳಿಗೆ ಕ್ಯಾಂಪ್ ಇತ್ತು. ಪಕ್ಕದಲ್ಲೇ ಅಲ್ವಾ ಅಂತ ಲೆಕ್ಕಕ್ಕೇ ಇಟ್ಟಿಲ್ಲ."

ಹೊಸ ಪಾಸ್‌ಪೋರ್ಟಿನ ಹಾಳೆಗಳನ್ನು ತಿರುವಿದಾಗ ಅಂಟಿಕೊಂಡಿದ್ದ ಎರಡು ಪುಟಗಳ ನಡುವೆ ಮುದ್ರೆ ಸಿಕ್ಕಿತು. ಹತ್ತಕ್ಕೆ ಹೋದದ್ದು, ಹದಿನೆಂಟಕ್ಕೆ ಬಂದದ್ದು. ಹೋದ ದಿನವನ್ನೂ ಬಂದ ದಿನವನ್ನೂ ಭಾರತಕ್ಕೇ ಬಿಟ್ಟುಕೊಟ್ಟು, ನಡುವಿನ ಏಳು ದಿನ ಕಳೆದ ಪುಟ್ಟರಾಜು. ಏಳುನೂರ ಇಪ್ಪತ್ತಾರು. ಮೂರು ದಿನ ಮಿಕ್ಕಿತ್ತು.

ಬೊಳ್ಳಮ್ಮ ಎದ್ದು ನಿಂತು ಬಲಗೈ ಎತ್ತಿ ಹಿಡಿದಳು. ಏನು ಮಾಡಬೇಕೆಂದು ಪುಟ್ಟರಾಜುವಿಗೆ ಗೊತ್ತಾಗಲಿಲ್ಲ. ಸೌಮ್ಯ ಅವನ ಮೊಣಕೈಯನ್ನು ಕೆಳಗಿನಿಂದ ಎತ್ತಿದಳು. ಬೊಳ್ಳಮ್ಮನ ಅಂಗೈ ಬಂದು ಅವನ ಅಂಗೈಗೆ ಚಟ್ಟನೆ ಬಡಿಯಿತು. ನಲವತ್ತು ವರ್ಷ ಚೆಂಡು ತಡೆದ ಕೈ ಅದು. ಆ ದಿನ ಶಿರಂಗಾಲದವರೆಗೂ ಪುಟ್ಟರಾಜು ಸ್ಕೂಟರಿನ ಹ್ಯಾಂಡಲ್ ಹಿಡಿದ ಬಲಗೈಯನ್ನು ಆಗಾಗ ನೋಡಿಕೊಳ್ಳುತ್ತ ಹೋದ.

ಆಮೇಲೆ ಒಂದಲ್ಲ ಒಂದು ಕಾಗದಕ್ಕೆ ಸಹಿ ಬೇಕಾಗತೊಡಗಿತು. ಮೂರು ಸಹಿ ಒಂದೇ ದಿನ ಹಾಕಿಸಬಹುದಾದ ಕಡೆ ಪುಟ್ಟರಾಜು ಮೂರು ಶನಿವಾರ ಹಾಕಿಸಿದ. ಬೊಳ್ಳಮ್ಮನೂ ಬರುವಾಗ ಬರಿಗೈಯಲ್ಲಿ ಬರುತ್ತಿರಲಿಲ್ಲ. ಒಮ್ಮೆ ತಮ್ಮನ ತೋಟದ ಕಿತ್ತಳೆ ತಂದಳು, ಒಮ್ಮೆ ತಾನೇ ಮಾಡಿ ಸುಟ್ಟುಕೊಂಡ ಅಕ್ಕಿರೊಟ್ಟಿ. ಸುಟ್ಟ ಭಾಗವನ್ನು ಪುಟ್ಟರಾಜು ತಿಂದ. ಕೆಲಸ ಮುಗಿದ ಮೇಲೂ ಇಬ್ಬರೂ ಕೂತು, ಒಂಟಿ ಗೋಲ್‌ಕೀಪರಿಗೆ ಮೂರು ಮಂದಿ ಎದುರು ಬಂದರೆ ಯಾರ ಕಣ್ಣು ನೋಡಬೇಕು, ವ್ಯಾಟ್ ಹೋಗಿ ಜಿಎಸ್‌ಟಿ ಬಂದಾಗ ಕುಶಾಲನಗರದ ವರ್ತಕರ ಮುಖ ಹೇಗಿತ್ತು ಎಂದೆಲ್ಲ ಮಾತಾಡಿ ನಗುತ್ತಿದ್ದರು. ಪುಟ್ಟರಾಜುವಿನ ಅಂಗಿಗೆ ಇಸ್ತ್ರಿ ಬಂತು. ಪೆನ್ಸಿಲ್ ಕಿವಿಯಿಂದ ಜೇಬಿಗೆ ಇಳಿಯಿತು. ಸೌಮ್ಯ ಎಲ್ಲವನ್ನೂ ನೋಡುತ್ತಿದ್ದಳು. ಶನಿವಾರ ಬೇಗ ಮನೆಗೆ ಹೋಗಬೇಕೆಂದು ರಜೆ ಕೇಳುವುದನ್ನೂ ಬಿಟ್ಟುಬಿಟ್ಟಿದ್ದಳು, ಯಾಕೆಂದರೆ ನೋಡುವಂಥದ್ದು ಇರುತ್ತಿತ್ತು.

ತೊಡಕು ಬಂದದ್ದು ನವೆಂಬರ್ ನಡುವಿನಲ್ಲಿ. ಗಿರಾಕಿಗೆ ಕಾನೂನಿನಲ್ಲಿ ಎಷ್ಟು ದಾರಿಗಳಿವೆಯೋ ಅಷ್ಟನ್ನೂ ನಂಬರು ಹಾಕಿ ಪತ್ರದಲ್ಲಿ ಬರೆದುಕೊಡುವುದು ಪುಟ್ಟರಾಜುವಿನ ಪದ್ಧತಿ. ಬೊಳ್ಳಮ್ಮನಿಗೆ ಕೊಡಬೇಕಾದ ಸಲಹಾಪತ್ರದಲ್ಲಿ ಮೂರು ಅಂಶ ಬರೆದು ಮುಗಿಸಿದ್ದ. ಕೊನೆಯದಾಗಿ ಒಮ್ಮೆ ನೋಡೋಣವೆಂದು ಅಮೆರಿಕದ ರಿಟರ್ನಿನ ಸೂಚನೆಗಳಲ್ಲಿ ವೈವಾಹಿಕ ಸ್ಥಿತಿಯ ಪುಟ ತೆರೆದ. ಡಿಸೆಂಬರ್ ಮೂವತ್ತೊಂದರಂದು ಮದುವೆಯಾಗಿರುವವರನ್ನು ಇಡೀ ವರ್ಷ ಮದುವೆಯಾಗಿದ್ದವರೆಂದೇ ತಿಳಿಯತಕ್ಕದ್ದು ಎಂದಿತ್ತು. ಗಂಡಹೆಂಡಿರು ಜಂಟಿಯಾಗಿ ರಿಟರ್ನ್ ಹಾಕಿದರೆ ತೆರಿಗೆ ಇಲ್ಲದ ಮೊತ್ತ ನೇರ ಎರಡರಷ್ಟು. ಗಂಡ ಹೊರದೇಶದವನಾದರೂ ಸರಿ, ತನ್ನ ಆದಾಯವನ್ನೂ ಅಮೆರಿಕಕ್ಕೆ ಹೇಳಲು ಅವನು ಒಪ್ಪಬೇಕು, ಅಷ್ಟೇ.

ಪುಟ್ಟರಾಜು ಆ ಪುಟವನ್ನು ಮುಚ್ಚಿದ. ಕಿಟಕಿಯ ಹತ್ತಿರ ಹೋಗಿ ಬಸ್ಸುಗಳನ್ನು ನೋಡಿದ. ಬಂದು ಮತ್ತೆ ತೆರೆದ. ಅಲ್ಲೇ ಇತ್ತು.

ಮೂರು ದಿನ ಒದ್ದಾಡಿದ. ಬರೆಯದಿದ್ದರೆ ಗಿರಾಕಿಯಿಂದ ಒಂದು ದಾರಿ ಮುಚ್ಚಿಟ್ಟಂತೆ, ಮೂವತ್ತು ವರ್ಷದಲ್ಲಿ ಅವನು ಅದನ್ನು ಮಾಡಿರಲಿಲ್ಲ. ಬರೆದರೆ ಏನೆಂದು ತಿಳಿಯುತ್ತಾಳೆ? ಹೆಣ್ಣು ಕೇಳಿದಂತೆ ಆಗುತ್ತದೆ. ಅದಕ್ಕಿಂತ ಹೆಚ್ಚಾಗಿ, ಹಾಗೆ ಆಗಲಿ ಎಂಬ ಆಸೆ ತನಗೇ ಇದೆ ಎನ್ನುವುದು ಅವನಿಗೆ ಆ ಮೂರು ದಿನಗಳಲ್ಲಿ ಚೆನ್ನಾಗಿ ಗೊತ್ತಾಗಿ ಹೋಯಿತು. ತಡೆಯಲಾರದೆ ಸೌಮ್ಯಳನ್ನು ಕೇಳಿದ, ಬೇರೆ ಯಾರೋ ಗಿರಾಕಿಯ ವಿಷಯವೆಂಬ ಹಾಗೆ. ಬೇರೆ ಯಾವ ಗಿರಾಕಿಗಾದರೂ ಬರೆಯುತ್ತಿದ್ದಿರೋ ಇಲ್ಲವೋ, ಅದರಂತೆ ಮಾಡಿ ಎಂದು ಸೌಮ್ಯ ಕಂಪ್ಯೂಟರಿನಿಂದ ಕಣ್ಣು ತೆಗೆಯದೆ ಹೇಳಿದಳು.

ಪುಟ್ಟರಾಜು ಬರೆದ. ಭೂಮಿಯ ಮೇಲೆ ಅದಕ್ಕಿಂತ ಒಣ ವಾಕ್ಯ ಇರಲಾರದು. "ನಾಲ್ಕು. ಗಿರಾಕಿಯ ವೈವಾಹಿಕ ಸ್ಥಿತಿಯಲ್ಲಿ ದಿನಾಂಕ 31-12-2025ರ ಒಳಗಾಗಿ ಬದಲಾವಣೆ ಉಂಟಾದಲ್ಲಿ, ಈ ಸಾಲಿನಲ್ಲಿ ಪರಿವರ್ತಿಸಬಹುದಾದ ಮೊತ್ತವು ದ್ವಿಗುಣವಾಗುವ ಸಾಧ್ಯತೆ ಇರುತ್ತದೆ ಎಂಬ ಅಂಶವನ್ನು ಮಾಹಿತಿಗಾಗಿ ಸಲ್ಲಿಸಲಾಗಿದೆ." ಲಕೋಟೆ ಅಂಟಿಸಿ ಸೌಮ್ಯಳ ಕೈಯಲ್ಲಿ ಕಳಿಸಿದ. ಮಾರನೇ ದಿನ ಶನಿವಾರ. ಹನ್ನೊಂದು ಗಂಟೆಗೆ ಮೆಟ್ಟಿಲ ಮೇಲೆ ಬೂಟಿನ ಸದ್ದು ಕೇಳಿತು. ಅಂದು ಆ ಸದ್ದು ಒಂದೊಂದೇ ಮೆಟ್ಟಿಲು ಹತ್ತಿ ಬಂತು.

ಬೊಳ್ಳಮ್ಮ ಕೂತು ಪತ್ರ ಬಿಡಿಸಿದಳು. ಮೊದಲ ಮೂರು ಅಂಶದಲ್ಲಿ ತನಗೆ ಏನೂ ಸಂಶಯವಿಲ್ಲ ಎಂದಳು. ಆಮೇಲೆ ಕೇಳಿದಳು. "ಈ ನಾಲ್ಕನೇದು ನೀವು ಎಲ್ಲ ಗಿರಾಕಿಗಳಿಗೂ ಬರೀತೀರಾ?"

"ಅಮೆರಿಕದ ರಿಟರ್ನ್ ಹಾಕೋ ಒಂಟಿ ಗಿರಾಕಿಗಳಿಗೆ ಬರೀಬೇಕಾಗ್ತದೆ ಮೇಡಂ."

"ಅಂಥೋರು ಎಷ್ಟು ಜನ ಇದ್ದಾರೆ ನಿಮ್ಮಲ್ಲಿ?"

"ನೀವೊಬ್ರೇ."

ಸೌಮ್ಯ ಇದ್ದಕ್ಕಿದ್ದಂತೆ ಎದ್ದು, ಟೀ ತರುತ್ತೇನೆ ಎಂದು ಹೊರಗೆ ಹೋಗಿ ಬಾಗಿಲಿನ ಆಚೆಯೇ ನಿಂತಳು. ಬೊಳ್ಳಮ್ಮ ವಿಧಾನ ವಿಚಾರಿಸಿದಳು. ರಿಜಿಸ್ಟ್ರಾರ್ ಕಚೇರಿಯಲ್ಲಿ ಮೂವತ್ತು ದಿನದ ನೋಟಿಸ್ ಕೊಡಬೇಕು, ಡಿಸೆಂಬರ್ ಒಂದರೊಳಗೆ ಕೊಟ್ಟರೆ ವರ್ಷ ಮುಗಿಯುವ ಮೊದಲು ನೋಂದಣಿ ಆಗಬಹುದು ಎಂದು ಪುಟ್ಟರಾಜು ಮೇಜಿನ ಮೇಲಿನ ಗಾಜಿಗೆ ಹೇಳಿದ. ಗಂಡನಾದವನ ಕಷ್ಟವೇನು ಎಂದು ಕೇಳಿದಳು. ಅವನು ಅಮೆರಿಕದ ತೆರಿಗೆ ನಂಬರು ತೆಗೆದುಕೊಳ್ಳಬೇಕು, ತನ್ನ ಇಲ್ಲಿನ ಸಂಪಾದನೆಯನ್ನೆಲ್ಲ ಅಲ್ಲಿನ ಫಾರಂನಲ್ಲಿ ತುಂಬಬೇಕು, ಒಟ್ಟು ಇಪ್ಪತ್ತು ಮೂವತ್ತು ಪುಟ ಆಗಬಹುದು ಎಂದ.

"ಇಪ್ಪತ್ತು ಮೂವತ್ತು ಪುಟ ತುಂಬ್ಸಿ ಖುಷಿಪಡೋ ಗಂಡಸು ಎಲ್ಲಿ ಸಿಗ್ತಾನೆ?"

"ಒಬ್ಬ ಇದಾನೆ," ಎಂದುಬಿಟ್ಟ ಪುಟ್ಟರಾಜು.

ಮೂವತ್ತು ವರ್ಷದಲ್ಲಿ ಮೊದಲ ಬಾರಿಗೆ ತನ್ನ ಸಲಹೆಯಲ್ಲಿ ತನ್ನ ಸ್ವಾರ್ಥವೂ ಸೇರಿಬಿಟ್ಟಿದೆ, ಇನ್ನು ಮೇಲೆ ಈ ವಿಷಯದಲ್ಲಿ ತನ್ನ ಮಾತನ್ನು ನಂಬಬೇಡಿ, ಬೇರೆಯವರನ್ನು ಕೇಳಿ ಎಂದು ತಡವರಿಸಿದ. ಬೊಳ್ಳಮ್ಮ ಪತ್ರವನ್ನು ನಾಲ್ಕು ಮಡಿಕೆ ಮಾಡಿ ಟ್ರ್ಯಾಕ್‌ಪ್ಯಾಂಟಿನ ಜೇಬಿಗೆ ಹಾಕಿಕೊಂಡಳು. ಯೋಚನೆ ಮಾಡುತ್ತೇನೆ ಎಂದು ಎದ್ದು ಹೋದಳು. ಇಳಿಯುವಾಗ ಮೆಟ್ಟಿಲುಗಳನ್ನು ಎರಡೆರಡಾಗಿ ಇಳಿದಳೆಂದು ಸೌಮ್ಯ ವರದಿ ಮಾಡಿದಳು, ಆದರೆ ಪುಟ್ಟರಾಜುವಿಗೆ ಅದರ ಅರ್ಥ ಹೊಳೆಯಲಿಲ್ಲ.

ಒಂದು ವಾರ ಸುದ್ದಿ ಇಲ್ಲ. ಪುಟ್ಟರಾಜು ಒಬ್ಬ ಹೋಂಸ್ಟೇಯವನ ರಿಟರ್ನಿನಲ್ಲಿ ಇನ್ನೊಬ್ಬನ ಪ್ಯಾನ್ ನಂಬರು ಹಾಕಿದ, ಸೌಮ್ಯ ಹಿಡಿದು ಸರಿಮಾಡಿದಳು. ಮುದ್ದೆಗೆ ಸಾರು ಹಾಕಿಕೊಳ್ಳದೆ ನುಂಗುತ್ತಿದ್ದ ಮಗನನ್ನು ಕಾಳಮ್ಮ ನೋಡಿದಳು. ಪತ್ರದ ವಿಷಯ ಸೌಮ್ಯಳಿಂದ ತಿಳಿದಿದ್ದ ಅವಳೇ ಶುಕ್ರವಾರ ಸಂಜೆ ಬಾಯಿಬಿಟ್ಟಳು.

"ಆ ಹಾಕಿಯಮ್ಮ ಏನಂದ್ಲಾ?"

ಏನೂ ಅಂದಿಲ್ಲ ಎಂದ.

"ಅಂಗಾರೆ ಓಗಿ ಕೇಳು. ಕಾಗ್ದ ಬರ್ದು ಕುಂತ್ಕಂಡ್ರೆ ಆಯ್ತದಾ? ಬಾಯಲ್ಲಿ ಕೇಳು."

ಶನಿವಾರ ಬೆಳಗ್ಗೆ ಪುಟ್ಟರಾಜು ಇಸ್ತ್ರಿ ಅಂಗಿ ಹಾಕಿಕೊಂಡು ಕೂಡಿಗೆಗೆ ಹೋದ. ಹದಿನೈದು ಹುಡುಗಿಯರು ಮೈದಾನದಲ್ಲಿ ಓಡುತ್ತಿದ್ದರು, ಬೊಳ್ಳಮ್ಮ ಕೊರಳಿಗೆ ಸೀಟಿ ಹಾಕಿಕೊಂಡು ಗೋಲಿನ ಪಕ್ಕ ನಿಂತಿದ್ದಳು. ಅವನನ್ನು ನೋಡಿದವಳೇ, ಮೈದಾನದೊಳಗೆ ಸುಮ್ಮನೆ ನಿಲ್ಲುವ ಪದ್ಧತಿ ಇಲ್ಲಿಲ್ಲ ಎಂದಳು. ಮುಂದಿನ ಐದು ನಿಮಿಷದಲ್ಲಿ ಪುಟ್ಟರಾಜುವಿನ ಕಾಲಿಗೆ ದಪ್ಪ ಪ್ಯಾಡ್ ಕಟ್ಟಿದರು, ಎದೆಗೆ ಕವಚ ಹಾಕಿದರು, ತಲೆಗೆ ಹೆಲ್ಮೆಟ್ ಏರಿಸಿದರು. ಗೋಲಿನಲ್ಲಿ ನಿಲ್ಲಿಸಿದರು. ಹುಡುಗಿಯರು ಒಬ್ಬೊಬ್ಬರಾಗಿ ಬಂದು ಹೊಡೆದರು. ಎಂಟು ಚೆಂಡು ಅವನ ಅಕ್ಕಪಕ್ಕದಲ್ಲಿ ಹೋಗಿ ಬಲೆಗೆ ಬಿದ್ದವು. ಒಂಬತ್ತನೆಯದು ಅವನು ಕಣ್ಣು ಮುಚ್ಚಿಕೊಂಡಾಗ ತಾನಾಗಿ ಬಂದು ಮೊಣಕಾಲ ಕೆಳಗೆ ಬಡಿದು ಹೊರಗೆ ಹಾರಿತು. ಹುಡುಗಿಯರೆಲ್ಲ ಚಪ್ಪಾಳೆ ತಟ್ಟಿದರು. ಪುಟ್ಟರಾಜು ಹೆಲ್ಮೆಟ್ಟಿನೊಳಗೇ ನಗತೊಡಗಿದ, ನಿಲ್ಲಿಸಲು ಆಗಲಿಲ್ಲ. ನಗುನಗುತ್ತಲೇ, ಗೋಲಿನ ಕಂಬಕ್ಕೆ ಒರಗಿ, ಬಾಯಿ ಬಿಟ್ಟು ಕೇಳಿದ. ಪತ್ರದ ವಿಷಯವಲ್ಲ, ತನ್ನ ವಿಷಯ ಕೇಳುತ್ತಿದ್ದೇನೆ ಎಂದ.

ಬೊಳ್ಳಮ್ಮ ಹುಡುಗಿಯರನ್ನು ಎರಡು ಸುತ್ತು ಓಡಲು ಕಳಿಸಿದಳು.

"ನಂಗೆ ಮನಸ್ಸುಟ್ಟು," ಎಂದಳು. ಉಂಟು ಎನ್ನುವುದನ್ನು ಉಟ್ಟು ಎನ್ನುವುದು ಅವಳ ಮನೆಮಾತು ಅರೆಭಾಷೆಯಲ್ಲಿ. ಪುಟ್ಟರಾಜುವಿನ ಹತ್ತಿರ ಅವಳು ಎಂದೂ ಆ ಮಾತಾಡಿರಲಿಲ್ಲ, ಮನಸ್ಸು ತುಂಬಿ ಬಂದಾಗ ಬಾಯಿಗೆ ಅದೇ ಬಂತು. ಆಮೇಲೆ ಸುಧಾರಿಸಿಕೊಂಡಳು. "ಆದ್ರೆ ಡಿಸೆಂಬರ್ ಮೂವತ್ತೊಂದರ ಒಳಗೆ ಬೇಡ. ಜನವರಿ ಆಗ್ಲಿ."

ಪುಟ್ಟರಾಜುವಿನ ಎದೆ ಕವಚದೊಳಗೆ ಕುಣಿಯುತ್ತಿತ್ತು. ಆದರೂ ಕಸುಬು ಬಿಡಲಿಲ್ಲ. "ಹಂಗಾದ್ರೆ ಈ ವರ್ಷದ ಲಾಭ ಹೋಗ್ತದೆ. ಹೆಚ್ಚುಕಡಿಮೆ ಸಾವಿರದ ಆರುನೂರು ಡಾಲರ್. ಸಲಹೆ ಕೊಡೋನಾಗಿ ನಾನಿದನ್ನ ಹೇಳ್ಲೇಬೇಕು."

"ಹೇಳಿದ್ರಲ್ಲ, ಆಯ್ತು. ಆ ದುಡ್ಡಿಗೋಸ್ಕರ ಮದುವೆ ಆದೆ ಅಂತ ನನ್ನ ತಮ್ಮ ಹೇಳಬಾರ್ದು. ನಾಳೆ ಎಂತದಕ್ಕೋ ಕೋಪ ಬಂದು ನಾನೂ ನಿಮಗೆ ಹೇಳಬಾರ್ದು. ಸಾವಿರದ ಆರುನೂರು ಕೊಟ್ಟು ಅದನ್ನ ತಪ್ಪಿಸ್ಕೊಳ್ತೇನೆ, ಬಿಡಿ."

ಪುಟ್ಟರಾಜುವಿಗೆ ಹೆಲ್ಮೆಟ್ ತೆಗೆಯಲು ಬರಲಿಲ್ಲ. ಕೊಕ್ಕೆ ಎಲ್ಲಿದೆಯೆಂದೇ ಗೊತ್ತಿರಲಿಲ್ಲ. ಬೊಳ್ಳಮ್ಮನೇ ಗಲ್ಲದ ಕೆಳಗೆ ಕೈಹಾಕಿ ಬಿಚ್ಚಿದಳು. ಮೊದಲ ಸುತ್ತು ಮುಗಿಸಿ ಬರುತ್ತಿದ್ದ ಹುಡುಗಿಯರು ನಿಂತು ನೋಡಿದ್ದಕ್ಕೆ ಅವರಿಗೆ ಮೂರನೇ ಸುತ್ತೂ ಬಿತ್ತು. ಸೋಮವಾರ ಕಚೇರಿಗೆ ಹೋದ ಪುಟ್ಟರಾಜು ಸಲಹಾಪತ್ರದ ಪ್ರತಿಗೆ ಐದನೇ ಅಂಶ ಸೇರಿಸಿದ. ನಾಲ್ಕನೇ ಅಂಶದ ಲಾಭವನ್ನು ಗಿರಾಕಿಯು ಪೂರ್ಣ ತಿಳಿವಳಿಕೆಯಿಂದ ನಿರಾಕರಿಸಿರುತ್ತಾರೆ ಎಂದು ಬರೆದು, ಬೊಳ್ಳಮ್ಮನ ಸಹಿ ಹಾಕಿಸಿ, ಫೈಲಿಗೆ ಸೇರಿಸಿದ.

ಕಾಳಮ್ಮನಿಗೆ ಜನವರಿ ಎಂದದ್ದು ತುಂಬ ಹಿಡಿಸಿತು. ಅವಳ ಕಾರಣ ಬೇರೆ. ಧನುರ್ಮಾಸ ಕಳೆದು ಸಂಕ್ರಾಂತಿ ಆಗದೆ ಯಾರು ಮದುವೆ ಮಾಡುತ್ತಾರೆ, ಹುಡುಗಿಗೆ ರೀತಿ ರಿವಾಜು ಗೊತ್ತಿದೆ ಎಂದಳು. ಅರವತ್ತರ ಹೆಂಗಸನ್ನು ಹುಡುಗಿ ಎಂದದ್ದು ಬೊಳ್ಳಮ್ಮನ ಕಿವಿಗೆ ಬಿದ್ದು, ಆ ಭಾನುವಾರವೇ ಅವಳು ಶಿರಂಗಾಲಕ್ಕೆ ಬಂದು ಕಾಳಮ್ಮನ ಎದುರು ಕೂತು ಎರಡು ಮುದ್ದೆ ನುಂಗಿದಳು.

ಡಿಸೆಂಬರ್ ಎರಡನೇ ವಾರ ಒಂದು ಸಂಜೆ, ಅಮೆರಿಕದಲ್ಲಿ ಬೆಳಗಾಗುವ ಹೊತ್ತಿಗೆ, ಖಾತೆ ಇದ್ದ ಸಂಸ್ಥೆಗೆ ಕಚೇರಿಯಿಂದಲೇ ಫೋನ್ ಮಾಡಿದರು. ಪುಟ್ಟರಾಜು ಮೊತ್ತವನ್ನು ದಪ್ಪಕ್ಷರದಲ್ಲಿ ಬರೆದು ಎದುರು ಹಿಡಿದಿದ್ದ. ಬಡ್ಡಿಗೆಂದು ಸ್ವಲ್ಪ ಜಾಗ ಬಿಟ್ಟು ಹದಿನೈದು ಸಾವಿರದ ಆರುನೂರು. ಆಚೆಯ ಹೆಣ್ಣುದನಿ ಹುಟ್ಟಿದ ದಿನ ಕೇಳಿತು, ತಾಯಿಯ ಹೆಸರು ಕೇಳಿತು, ಖಾತೆಗೆ ವಾರಸುದಾರರು ಯಾರು ಎಂದಿತು. ಕೊನೆಗೆ, ವೈವಾಹಿಕ ಸ್ಥಿತಿಯಲ್ಲಿ ಏನಾದರೂ ಬದಲಾವಣೆ ಇದೆಯೇ ಎಂದಿತು.

ಬೊಳ್ಳಮ್ಮ ಪುಟ್ಟರಾಜುವನ್ನು ನೋಡಿದಳು. ಇನ್ನೂ ಇಲ್ಲ ಎಂದು ಇಂಗ್ಲಿಷಿನಲ್ಲಿ ಹೇಳಿದಳು. ಫೋನಿನ ಆ ದನಿ, ಹಾಗಾದರೆ ಮುಂಚಿತವಾಗಿ ಅಭಿನಂದನೆ ಎಂದಿತು. ಸೌಮ್ಯ ಬಾಯಿಗೆ ಸೆರಗು ಒತ್ತಿಕೊಂಡಳು. ಐದು ನಿಮಿಷದಲ್ಲಿ ಹಣ ಒಂದು ಖಾತೆಯಿಂದ ಇನ್ನೊಂದಕ್ಕೆ ಹೋಯಿತು.

ಜನವರಿ ಇಪ್ಪತ್ತೆರಡರಂದು ರಿಜಿಸ್ಟ್ರಾರ್ ಕಚೇರಿಯಲ್ಲಿ ಮದುವೆ ನೋಂದಣಿಯಾಯಿತು. ಸಾಕ್ಷಿಗೆ ತಮ್ಮ ಕೂಸಪ್ಪ, ಸೌಮ್ಯ, ಮತ್ತು ಹಾಕಿ ತಂಡದಲ್ಲಿ ಆಗಷ್ಟೇ ಹದಿನೆಂಟು ತುಂಬಿದ ಶ್ವೇತ. ಪುಟ್ಟರಾಜು ನೋಂದಣಿ ಪುಸ್ತಕವನ್ನು ಮೊದಲ ಕಾಲಂನಿಂದ ಕೊನೆಯವರೆಗೆ ಓದಿ, ಒಂದು ಕಡೆ ತಾಲ್ಲೂಕಿನ ಹೆಸರು ತಪ್ಪಾಗಿದ್ದುದನ್ನು ತೋರಿಸಿ ತಿದ್ದಿಸಿದ ಮೇಲೆಯೇ ಸಹಿ ಹಾಕಿದ. ಹಿಂದೆ ಸಾಲಿನಲ್ಲಿ ಕಾಯುತ್ತಿದ್ದ ಹರೆಯದ ಜೋಡಿ ಗಡಿಯಾರ ನೋಡಿಕೊಂಡಿತು. ಶಿರಂಗಾಲದಲ್ಲಿ ಊಟವಾಯಿತು. ಹದಿನೈದು ಹುಡುಗಿಯರು ಬಂದು, ಬಾಳೆಎಲೆ ಹಾಕಿದಷ್ಟೂ ಖಾಲಿ ಮಾಡಿದರು.

ಏಪ್ರಿಲ್ ಮೊದಲ ಭಾನುವಾರ ಇಬ್ಬರೂ ಶಿರಂಗಾಲದ ಮನೆಯಲ್ಲಿ ಅಮೆರಿಕದ ರಿಟರ್ನ್ ತುಂಬಲು ಕೂತರು. ಖಾತೆಯ ಸಂಸ್ಥೆ ಕಳಿಸಿದ ಕಾಗದ ಬಂದಿತ್ತು. ಎಂಬತ್ತಾರು ಸೊನ್ನೆ ಆರು ನಂಬರಿನ ಫಾರಂ ಮೇಜಿನ ನಡುವೆ ಇತ್ತು, ಅದಕ್ಕಾಗಿ ಪುಟ್ಟರಾಜು ಹೊಸ ಪೆನ್ನು ತಂದಿದ್ದ. ಮುಖ್ಯ ಫಾರಂನ ಮೊದಲ ಪುಟದಲ್ಲೇ ವೈವಾಹಿಕ ಸ್ಥಿತಿಯ ಚೌಕಗಳು ಬಂದವು. ಪುಟ್ಟರಾಜುವಿನ ಪೆನ್ನು ನಿಂತಿತು. ಒಳಗಿನ ಕೋಣೆಯಲ್ಲಿ ಅವನ ಹೆಂಡತಿಯ ಒದ್ದೆ ಬೂಟು ಒಣಗುತ್ತಿತ್ತು, ಎದುರಿಗೆ ಅವನ ಹೆಂಡತಿ ಕೂತು ಕಿತ್ತಳೆ ಸುಲಿಯುತ್ತಿದ್ದಳು. ಡಿಸೆಂಬರ್ ಮೂವತ್ತೊಂದರಂದು ಇದ್ದಂತೆ ಬರೆಯತಕ್ಕದ್ದು ಎಂದಿತ್ತು ಫಾರಂ.

ಅವಳು ಒಂಟಿ ಎಂಬ ಚೌಕಕ್ಕೆ ಪುಟ್ಟರಾಜು ಗುರುತು ಹಾಕಿದ. ಹಾಕಿದವನಿಗೆ ನಗು ಬಂತು, ಅವಳಿಗೂ ಬಂತು. ಕಾಳಮ್ಮ ಒಳಗಿನಿಂದ ಬಂದು, ಅದೇನು ಅಷ್ಟು ನಗುವಂಥದ್ದು ಎಂದು ಕೇಳಿದಾಗ, ನಿಮ್ಮ ಮಗ ನನ್ನನ್ನು ಒಂಟಿ ಹೆಂಗಸು ಅಂತ ಸರ್ಕಾರಕ್ಕೆ ಬರೆದುಕೊಟ್ಟರು ಅತ್ತೆ ಎಂದಳು ಬೊಳ್ಳಮ್ಮ. ಕಾಳಮ್ಮ ಮಗನ ತಲೆಗೆ ಒಂದು ಮೊಟಕಿದಳು. ತೆರಿಗೆಯ ಸಾಲಿಗೆ ಬಂದಾಗ ಪುಟ್ಟರಾಜು ದುಂಡಗೆ ಒಂದು ಸೊನ್ನೆ ಬರೆದ. ಅದರ ಅಂದಕ್ಕೆ ತಾನೇ ಮರುಳಾಗಿ ಸ್ವಲ್ಪ ಹೊತ್ತು ನೋಡುತ್ತ ಕೂತ.

ಬೊಳ್ಳಮ್ಮ ಸಹಿ ಹಾಕಿ, ಅವನ ಕೈಯಿಂದ ಪೆನ್ನು ಕಸಿದುಕೊಂಡಳು. ಮುಂದಿನ ವರ್ಷ ಜಂಟಿಯಾಗಿ ಹಾಕಬೇಕಲ್ಲ, ಗಂಡನ ತೆರಿಗೆ ನಂಬರಿನ ಅರ್ಜಿಗೆ ಇನ್ನೂ ಕಾಲವಿದ್ದರೂ ಇವತ್ತೇ ಕರಡು ಮಾಡಿಡುವ ಎಂದಳು. ಇಷ್ಟು ದಿನ ತನ್ನ ಬಗ್ಗೆ ಎಲ್ಲವನ್ನೂ ಅವನು ಕೇಳಿ ಬರೆದುಕೊಂಡದ್ದಾಯಿತು, ಇನ್ನು ಕೇಳುವ ಸರದಿ ತನ್ನದು. ಪುಟ್ಟರಾಜು ಕೈಕಟ್ಟಿ ನೆಟ್ಟಗೆ ಕೂತ, ಗಿರಾಕಿಯ ಜಾಗದಲ್ಲಿ ಅವನು ಕೂತದ್ದು ಅದೇ ಮೊದಲು.

"ಪೂರ್ತಿ ಹೆಸರು ಹೇಳಿ," ಎಂದಳು ಬೊಳ್ಳಮ್ಮ.